ಅಟ್ಟದ ಮೇಲಿನ ಕಡತ ಸುಡೋ ಮುಂಚೆ ಒಂದ್ಸಲ ಓದಿ

ಪ್ರಶ್ನೆ: ನಮ್ದು ಸಾಗರದ ಹತ್ರ ಹಳ್ಳಿ. ಹಳೇ ಮನೆ ಬಿಚ್ಚೋವಾಗ ಅಟ್ಟದ ಮೇಲೆ ಕಪ್ಪು ಬಟ್ಟೆದೊಂದು ಮಡಿಚಿಟ್ಟ ಪುಸ್ತಕ ಸಿಕ್ತು, ಒಳಗೆ ಬಿಳೀ ಅಕ್ಷರ. ಜೊತೆಗೆ ಒಂದು ಕಟ್ಟು ಹಳೇ ಕಾಗದ. ಕಾಗದದಲ್ಲಿ 'ಧಾತು ಸಂವತ್ಸರ' ಅಂತ ಇದೆ, ರೂಪಾಯಿ ಆಣೆ ಪೈ ಲೆಕ್ಕ ಇದೆ, ಉಪ್ಪು, ಬೆಲ್ಲ, ದೀಪದೆಣ್ಣೆ, ಕಂಬಳಿ ಅಂತೆಲ್ಲ ಬರುತ್ತೆ. ಓದಬಲ್ಲವರೊಬ್ರು ನೋಡಿ 'ಇದ್ರಲ್ಲೇನೂ ಇತಿಹಾಸ ಇಲ್ಲ, ಬರೀ ಮನೆ ಖರ್ಚು' ಅಂದ್ರು. ಮನೇಲಿ ಸುಟ್ಟು ಹಾಕಣ ಅಂತಿದಾರೆ. ಇದು ಯಾವ ಕಾಲದ್ದು, ಇಟ್ಕೊಂಡು ಏನಾದ್ರೂ ಉಪಯೋಗ ಇದೆಯಾ?

ಉತ್ತರ: ದಯವಿಟ್ಟು ಸುಡಬೇಡಿ. ಆ ಮನೆ ಖರ್ಚೇ ಇತಿಹಾಸ. ರಾಜರದ್ದು, ಯುದ್ಧದ್ದು ಶಾಸನದಲ್ಲಿ, ಸರ್ಕಾರಿ ರಿಪೋರ್ಟಲ್ಲಿ ಸಿಗುತ್ತೆ, ಆದ್ರೆ ನಮ್ಮ ಮುತ್ತಜ್ಜನ ಕಾಲದಲ್ಲಿ ಒಂದು ಮನೆಯವರು ವರ್ಷಕ್ಕೆ ಎಷ್ಟು ಉಪ್ಪು ತಂದ್ರು, ಮಳೆಗಾಲಕ್ಕೆ ಮುಂಚೆ ಯಾರಿಗೆ ಕಂಬಳಿ ಕೊಟ್ರು, ಮದುವೆಗೆ ಎಲ್ಲಿಂದ ಸಾಲ ಎತ್ತಿದ್ರು ಅನ್ನೋದು ಇಂಥ ಲೆಕ್ಕದಲ್ಲಿ ಬಿಟ್ರೆ ಬೇರೆ ಕಡೆ ಸಿಗೋದೇ ಕಷ್ಟ.

ಮೊದ್ಲು ಆ ಕಪ್ಪು ಪುಸ್ತಕದ ವಿಷ್ಯ. ಅದು ಕಡತ. ಉದ್ದನೇ ಹತ್ತಿ ಬಟ್ಟೆಗೆ ಹುಣಸೆ ಬೀಜದ ಸರಿ ಮತ್ತೆ ಇದ್ದಿಲ ಪುಡಿ ಕಲಸಿ ಎರಡೂ ಕಡೆ ಬಳೀತಿದ್ರು, ಒಣಗಿದ ಮೇಲೆ ಹಿಂದೆ ಮುಂದೆ ಹಿಂದೆ ಮುಂದೆ ಅಂತ ಮಡಿಚಿ ಎರಡು ತುದಿಗೂ ಮರದ ಹಲಗೆ ಕೂರಿಸ್ತಿದ್ರು, ಬರೆಯೋದು ಬಳಪದಲ್ಲಿ. ಮೈಸೂರಲ್ಲಿ ಬ್ರಿಟಿಷ್ ರೆಸಿಡೆಂಟ್ (ಅಂದ್ರೆ ಬ್ರಿಟಿಷರ ಪ್ರತಿನಿಧಿ) ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ಇದನ್ನ ವಿವರವಾಗಿ ಬರ್ದಿದಾನೆ, ಬಟ್ಟೆ 8 ಇಂಚಿಂದ ಒಂದು ಅಡಿ ಅಗಲ, 12ರಿಂದ 18 ಅಡಿ ಉದ್ದ ಅಂತ. ಅಳಿಸಿ ಮತ್ತೆ ಬರೀಬಹುದು, ಅದಕ್ಕೇ ಅಂಗಡಿಯವರಿಗೂ ಶಾನುಭೋಗರಿಗೂ ಇದು ಬಹಳ ಅನುಕೂಲ. ಹಾಗಂತ ಇದು ತಾತ್ಕಾಲಿಕ ಚೀಟಿ ಅಂತ ತಿಳ್ಕೋಬೇಡಿ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕೆನರಾ, ಅಂದ್ರೆ ಕರಾವಳಿ ಸೀಮೆ, ಈಸ್ಟ್ ಇಂಡಿಯಾ ಕಂಪನಿ ಕೈಗೆ ಹೋಯ್ತಲ್ಲ, ಆಗ ಅಲ್ಲಿ ಕಲೆಕ್ಟರ್ ಆಗಿ ಬಂದ ಥಾಮಸ್ ಮನ್ರೋ ಅಲ್ಲಿನ ಕಂದಾಯದ ಹಳೇ ಚರಿತ್ರೆ ತಿಳ್ಕೊಳ್ಳೋಕೆ ನಂಬಿದ್ದು ಊರೂರಿನ ಶಾನುಭೋಗರ ಇದೇ ಕಪ್ಪು ಪುಸ್ತಕಗಳನ್ನ.

ಈಗ ವರ್ಷದ ಪ್ರಶ್ನೆ. ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುತ್ತೆ, ಹಾಗಾಗಿ ನಿಮ್ಮ ಧಾತು 1816-17 ಇರಬಹುದು, 1876-77 ಇರಬಹುದು, 1936-37ನೂ ಇರಬಹುದು. ಇಲ್ಲೇ ಮನೆ ಖರ್ಚು ಕೆಲಸಕ್ಕೆ ಬರೋದು. 1816 ಆಗಿದ್ರೆ ಮೈಸೂರು ಸೀಮೆ ಲೆಕ್ಕ ವರಹ, ಹಣ ಅನ್ನೋ ಹಳೇ ನಾಣ್ಯಗಳಲ್ಲಿ ಇರ್ಬೇಕಿತ್ತು, ನಿಮ್ದು ರೂಪಾಯಿ ಆಣೆ ಪೈ. 1936 ಆಗಿದ್ರೆ ಸೀಮೆ ಎಣ್ಣೆ ಬಾಬ್ತು ಬರದೇ ಇರೋದು ಕಷ್ಟ, ಯಾಕಂದ್ರೆ 19ನೇ ಶತಮಾನದ ಕೊನೆ ಹೊತ್ತಿಗೆ ಅದು ಹಳ್ಳಿಗಳಿಗೂ ಬರೋಕೆ ಶುರುವಾಗಿತ್ತು, ನಿಮ್ಮ ಕಟ್ಟಲ್ಲಿ ಬರೀ ದೀಪದೆಣ್ಣೆ ಇದೆ. ಜೊತೆಗೆ 1936ರ ಕಾಗದದಲ್ಲಿ ಸಾಮಾನ್ಯವಾಗಿ ಇಂಗ್ಲಿಷ್ ತಾರೀಕೂ ಪಕ್ಕದಲ್ಲಿ ಇರುತ್ತೆ. ಹಾಗಾಗಿ 1876-77 ಅಂತ ಹೇಳೋಕೆ ನನಗೆ ಹಿಂಜರಿಕೆ ಇಲ್ಲ.

ಹಾಗಿದ್ರೆ ನಿಮ್ಮ ಕೈಲಿರೋದು ಧಾತು-ಈಶ್ವರ ಬರದ ಕಾಲದ ಲೆಕ್ಕ, ಅಂದ್ರೆ ಧಾತು ಮತ್ತೆ ಅದರ ಮುಂದಿನ ಈಶ್ವರ ಸಂವತ್ಸರದಲ್ಲಿ ಬಿದ್ದ ದೊಡ್ಡ ಬರದ್ದು. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರ ಗಣತಿಯಲ್ಲಿ 50 ಲಕ್ಷ ದಾಟಿತ್ತು, 1881ರಲ್ಲಿ 42 ಲಕ್ಷಕ್ಕೂ ಕಮ್ಮಿ ಆಯ್ತು. ಬಯಲುಸೀಮೆಗೆ ಬಿದ್ದ ಏಟು ಮಲೆನಾಡಿಗೆ ಬೀಳಲಿಲ್ಲ, ಆದ್ರೂ ಅಕ್ಕಿ ಬೆಲೆ ಹೇಗೆ ಏರ್ತು ಅನ್ನೋದು ನಿಮ್ಮ ಲೆಕ್ಕದಲ್ಲಿ ತಿಂಗಳು ತಿಂಗಳು ಕಾಣಬೇಕು. ಧಾತುವಿನ ಹಿಂದಿನ ವರ್ಷ, ಅಂದ್ರೆ ಯುವ ಸಂವತ್ಸರದ ಹಾಳೆ ಇದ್ರೆ ಅದನ್ನೂ, ಈಶ್ವರದ್ದು ಇದ್ರೆ ಅದನ್ನೂ ಪಕ್ಕಪಕ್ಕ ಇಟ್ಕೊಂಡು ಅದೇ ಅಕ್ಕಿ, ಅದೇ ಉಪ್ಪಿನ ಬೆಲೆ ನೋಡಿ. ಸರ್ಕಾರಿ ರಿಪೋರ್ಟು ಜಿಲ್ಲೆ ಮಟ್ಟದ ಸರಾಸರಿ ಹೇಳುತ್ತೆ, ನಿಮ್ಮದು ಒಂದು ಅಡುಗೆಮನೆ ಕಥೆ ಹೇಳುತ್ತೆ. ಅಳತೆ ವಿಷಯದಲ್ಲಿ ಮಾತ್ರ ಜೋಪಾನ, 20 ಕೊಳಗಕ್ಕೆ ಒಂದು ಖಂಡುಗ ಅನ್ನೋದು ಸರಿ, ಆದ್ರೆ ಕೊಳಗವೇ ಊರಿಂದ ಊರಿಗೆ ಬೇರೆ ಇತ್ತು, ಸೇರು-ಕೇಜಿಗೆ ಆತುರದಲ್ಲಿ ತಿರುಗಿಸೋಕೆ ಹೋಗಬೇಡಿ.

ಕಡತ ಕಾಗದಕ್ಕಿಂತ ಹಳೇದಿರೋ ಸಾಧ್ಯತೆ ಇದೆ. ಅದರಲ್ಲಿ ತೆರಿಗೆ ಬಾಬ್ತುಗಳಿದ್ರೆ ಒಂದೊಂದೂ ಬರ್ಕೊಳ್ಳಿ. ನಿಮ್ಮ ಸಾಗರ ಆಗ ನಗರ (ಹಳೇ ಬಿದನೂರು) ಸೀಮೆಗೆ ಸೇರಿತ್ತು. 1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತ ಕೈಗೆ ತಗೊಂಡ ಮೇಲೆ ಕಮಿಷನರ್ ಆಗಿದ್ದ ಕಬ್ಬನ್ ಕಾಲದಲ್ಲಿ 769 ಚಿಲ್ಲರೆ ತೆರಿಗೆ ರದ್ದಾದವು. ಮದುವೆಗೆ ತೆರಿಗೆ, ಮಗು ಹುಟ್ಟಿದ್ರೆ ತೆರಿಗೆ, ಹೆಸರಿಟ್ರೆ, ತಲೆ ಬೋಳಿಸಿದ್ರೆ ತೆರಿಗೆ. ನಗರ ಸೀಮೆಯ ಒಂದು ಜಾಗದಲ್ಲಂತೂ ಕೈ ಮೈಗೆ ಅಂಟಿಸ್ಕೊಳ್ಳದೆ ಬೀಸ್ಕೊಂಡು ಹೋದವನಿಂದ ಹಣ ವಸೂಲಿ! ಇವೆಲ್ಲ ಸರ್ಕಾರಿ ದಫ್ತರದಲ್ಲಿ ಆದಾಯ ಅಂತ ಕ್ರಮವಾಗಿ ನಮೂದಾಗಿದ್ದ ಬಾಬ್ತುಗಳು. ಅಂಥ ಒಂದೇ ಒಂದು ಸಾಲು ನಿಮ್ಮ ಕಡತದಲ್ಲಿ ಸಿಕ್ರೂ, ಆ ತೆರಿಗೆಯನ್ನ ಒಂದು ಮನೆ ನಿಜವಾಗಿ ಕಟ್ಟಿದ್ದಕ್ಕೆ ಸಾಕ್ಷಿ ಸಿಕ್ಕ ಹಾಗೆ.

ಪ್ರಶ್ನೆ: ನಾನು ಧಾರವಾಡ ಕಡೆಯಾಂವ. ನಮ್ಮ ಮನಿಯಾಗ ಹಳೇ ಪತ್ರ ಅದಾವ್ರಿ, ಕನ್ನಡಾನೂ ಅಲ್ಲ, ಮರಾಠಿ ಓದಾವ್ರಿಗೂ ತಿಳಿವಲ್ದು, ಕೆಳಗ ಒಂದು ನೇಗಿಲ ಚಿತ್ರ ತೆಗದಾರ. ಏನಿದು?

ಉತ್ತರ: ಅದು ಮೋಡಿ ಲಿಪಿ. ಭಾಷೆ ಮರಾಠೀನೇ, ಆದ್ರೆ ಲೇಖನಿ ಎತ್ತದೆ ಸರಸರ ಬರೆಯೋ ಬರಹ, ಪದದ ಮಧ್ಯ ಜಾಗ ಬಿಡೋದಿಲ್ಲ, ಹಾಗಾಗಿ ಇವತ್ತಿನ ಮರಾಠಿ ಬಲ್ಲವರಿಗೂ ಗೊತ್ತಾಗಲ್ಲ. ಪೇಶ್ವೆ ಆಡಳಿತದಲ್ಲಿ ಲೆಕ್ಕಪತ್ರ ಎಲ್ಲ ಮೋಡಿಯಲ್ಲೇ ನಡೀತಿತ್ತು, 1818ರಲ್ಲಿ ಪೇಶ್ವೆ ಬಿದ್ದು ನಿಮ್ಮ ಭಾಗ ಕಂಪನಿಗೆ ಹೋದ ಮೇಲೂ ಕಚೇರಿ ಗುಮಾಸ್ತರು ಬಹಳ ಕಾಲ ಅದನ್ನ ಬಿಡಲಿಲ್ಲ. ನೇಗಿಲು ಇದೆಯಲ್ಲ, ಅದು ಸಹಿ. ಅಕ್ಷರ ಬಾರದ ರೈತ ತನ್ನ ಗುರುತಾಗಿ ನೇಗಿಲು ಹಾಕ್ತಿದ್ದ, ಹೆಂಗಸರಿಗೆ ಬಳೆ ಗುರುತು. ಹೆಬ್ಬೆಟ್ಟು ಬಂದಿದ್ದು ಆಮೇಲೆ. ಬರೆದವನು ಯಾರೋ ಕುಲಕರ್ಣಿ, ಅಂದ್ರೆ ಊರ ಲೆಕ್ಕ ಬರೆಯೋನು, ಇರ್ತಾನೆ, ಆದ್ರೆ ನೇಗಿಲು ಹಾಕಿದವನು ಸಾಲ ತಗೊಂಡವನು ಅಥವಾ ಹೊಲ ಅಡವಿಟ್ಟವನು ಇರ್ಬಹುದು, ಆ ಇಡೀ ಹಾಳೆಯಲ್ಲಿ ಅವನದ್ದು ಅಂತ ಇರೋದು ಆ ನಾಲ್ಕು ಗೆರೆ ಮಾತ್ರ, ಅದನ್ನ ನೋಡಿದಾಗೆಲ್ಲ ನನಗೆ ಮನಸ್ಸು ಭಾರ ಆಗುತ್ತೆ. ಓದಿಸೋಕೆ ಪುಣೆಯ ಭಾರತ ಇತಿಹಾಸ ಸಂಶೋಧಕ ಮಂಡಳದಲ್ಲಿ ಮೋಡಿ ಬಲ್ಲವರಿದ್ದಾರೆ, ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯಲ್ಲೂ ಒಮ್ಮೆ ವಿಚಾರಿಸಿ.

ಪ್ರಶ್ನೆ: ಇಂಥ ಲೆಕ್ಕ ಬರೆದವರೆಲ್ಲ ಜಮೀನು ಇದ್ದವರು, ಶಾನುಭೋಗರು. ಕೂಲಿ ಮಾಡಿದವರ ಬದುಕು ಇದರಲ್ಲಿ ಹೇಗೆ ಸಿಗುತ್ತೆ?

ಉತ್ತರ: ಒಳ್ಳೇ ಪ್ರಶ್ನೆ. ಸಿಗುತ್ತೆ, ಆದ್ರೆ ಅವರ ಮಾತಲ್ಲಿ ಅಲ್ಲ. ಒಂದು ಹೆಸರು, ಮುಂದೆ ಇಷ್ಟು ಕೊಳಗ ಭತ್ತ, ಇನ್ನೊಂದು ಸಾಲಲ್ಲಿ ಮದುವೆಗೆ ಕೊಟ್ಟ ಸಾಲ, ಅದೇ ಹೆಸರು ವರ್ಷ ವರ್ಷ ಬರುತ್ತೆ, ಆಮೇಲೆ ಆ ಜಾಗದಲ್ಲಿ ಮಗನ ಹೆಸರು, ಸಾಲ ಮಾತ್ರ ಹಾಗೇ. ಹೆಂಗಸರಾದ್ರೆ ಎಷ್ಟೋ ಸಲ ಹೆಸರೂ ಇಲ್ಲ, 'ಇಂಥವನ ಹೆಂಡತಿ' ಅಷ್ಟೇ. ಕರಾವಳಿ ಕಡೆ ಜಮೀನಿನ ಜೊತೆ ಮೂಲದಾಳುಗಳನ್ನೂ (ತಲೆತಲಾಂತರದಿಂದ ಜೀತಕ್ಕಿದ್ದವರನ್ನ) ಮಾರೋದು, ಅಡವಿಡೋದು ಇತ್ತು. ಗುಲಾಮಗಿರಿಗೆ ಕಾನೂನಿನ ಮಾನ್ಯತೆ ತೆಗೆದಿದ್ದು 1843ರ ಕಾಯ್ದೆ, ಆದ್ರೆ ಲೆಕ್ಕದ ಪುಸ್ತಕದಲ್ಲಿ 1843ರ ಆಚೆಗೂ ಈಚೆಗೂ ಅವೇ ಹೆಸರು ಅದೇ ಭತ್ತಕ್ಕೆ ದುಡೀತಾ ಇದ್ರಾ ಅಂತ ನೋಡಬೇಕು, ಕಾಯ್ದೆ ಗದ್ದೆ ತನಕ ಇಳೀತಾ ಇಲ್ವಾ ಅಂತ ಗೊತ್ತಾಗೋದು ಅಲ್ಲಿ. ಹಾಗಾಗಿ ಮನೆತನದ ಹೆಮ್ಮೆಗೆ ಅಡ್ಡ ಬರೋ ಹಾಳೆ ಇದೆ ಅಂತ ಯಾರೂ ಅದನ್ನ ಹರಿದು ಹಾಕಬೇಡಿ. ಆ ಹೆಸರಿನವರ ಮೊಮ್ಮಕ್ಕಳಿಗೆ ತಮ್ಮ ಹಿರಿಯರ ಬಗ್ಗೆ ಸಿಗೋ ಒಂದೇ ಲಿಖಿತ ಆಧಾರ ಅದೇ ಇರ್ಬಹುದು.

ಇಟ್ಕೊಳ್ಳೋದು ಹೇಗೆ ಅಂತಾನೂ ತುಂಬಾ ಜನ ಕೇಳಿದೀರ. ಕಡತವನ್ನ ಒದ್ದೆ ಬಟ್ಟೇಲಿ ಒರೆಸಲೇಬೇಡಿ, ಧೂಳಿನ ಜೊತೆ ಬಳಪದ ಅಕ್ಷರವೂ ಹೋಗುತ್ತೆ. ತಾಳೆಗರಿಗೆ ಎಣ್ಣೆ ಸವರೋದು ನೋಡಿ ಇದಕ್ಕೂ ಸವರಬೇಡಿ. ಕಾಗದಕ್ಕೆ ಲ್ಯಾಮಿನೇಷನ್ ಬೇಡ, ಸೆಲ್ಲೋಟೇಪ್ ಬೇಡ. ಬಿಸಿಲಿಲ್ಲದ, ತೇವ ಇಲ್ಲದ ಜಾಗದಲ್ಲಿ ತೊಳೆದ ಹತ್ತಿ ಬಟ್ಟೇಲಿ ಸುತ್ತಿಡಿ, ಫ್ಲಾಶ್ ಇಲ್ಲದೆ ಕಿಟಕಿ ಬೆಳಕು ಪಕ್ಕದಿಂದ ಬೀಳೋ ಹಾಗೆ ಇಟ್ಟು ಪ್ರತಿ ಮಡಿಕೆ ಫೋಟೋ ತೆಗೀರಿ, ಬರಹ ಇರೋ ಕ್ರಮದಲ್ಲೇ ನಂಬರ್ ಹಾಕಿ. ಕೊಡೋ ಮನಸ್ಸಿದ್ರೆ ಬೆಂಗಳೂರಲ್ಲಿ ರಾಜ್ಯ ಪತ್ರಾಗಾರ ಇದೆ, ಮೈಸೂರಲ್ಲಿ ಪ್ರಾಚ್ಯವಿದ್ಯಾ ಸಂಶೋಧನಾಲಯ ಇದೆ. ಸಾಗರದವರಿಗಂತೂ ಕೆಳದಿ ಮ್ಯೂಸಿಯಂ ಪಕ್ಕದಲ್ಲೇ ಇದೆ, ಅಲ್ಲಿ ಕಡತಗಳ ಸಂಗ್ರಹವೂ ಇದೆ, ಮೊದ್ಲು ಫೋಟೋ ತಗೊಂಡು ಅಲ್ಲಿಗೆ ಹೋಗಿ.