ಪಟ್ಟಿಯಲ್ಲಿ ಹಲವು ಹೆಸರುಗಳನ್ನು ಒಟ್ಟಿಗೆ ಆರಿಸುವುದು ಹೇಗೆ?

ಪ್ರಶ್ನೆ: ಕೋಲಾರದ ಎಪಿಎಂಸಿಯಲ್ಲಿರುವ ನಮ್ಮ ಟೊಮೆಟೊ ಮಂಡಿಗಾಗಿ ವಿಷುಯಲ್ ಬೇಸಿಕ್ ಡಾಟ್ ನೆಟ್‌ನಲ್ಲಿ ಚಿಕ್ಕದೊಂದು ಬಿಲ್ಲಿಂಗ್ ಪ್ರೋಗ್ರಾಂ ಬರೆದಿದ್ದೇನೆ. ಅಂದು ಮಾಲು ತಂದ ರೈತರ ಹೆಸರುಗಳು ಲಿಸ್ಟ್‌ಬಾಕ್ಸ್‌ನಲ್ಲಿ ಬರುತ್ತವೆ. ಆದರೆ ಎರಡನೆಯ ಹೆಸರನ್ನು ಒತ್ತಿದ ಕೂಡಲೇ ಮೊದಲನೆಯದರ ಆಯ್ಕೆ ಹೋಗಿಬಿಡುತ್ತದೆ. ಹಲವರ ಬಿಲ್ಲನ್ನು ಒಟ್ಟಿಗೆ ಮುದ್ರಿಸುವುದು ಹೇಗೆ?
— ಓದುಗರೊಬ್ಬರು, ಕೋಲಾರ

ಉತ್ತರ: ಲಿಸ್ಟ್‌ಬಾಕ್ಸ್‌ನ ‘ಸೆಲೆಕ್ಷನ್‌ಮೋಡ್’ ಮೊದಲಿನಿಂದಲೂ ‘ಒನ್’ ಎಂದಿರುವುದರಿಂದ ಹೀಗಾಗುತ್ತಿದೆ. ಪ್ರಾಪರ್ಟೀಸ್ ವಿಂಡೋದಲ್ಲಿ ಅದನ್ನು ‘ಮಲ್ಟಿಎಕ್ಸ್‌ಟೆಂಡೆಡ್’ ಎಂದು ಬದಲಾಯಿಸಿದರೆ, ಕಂಟ್ರೋಲ್ ಕೀಲಿ ಹಿಡಿದು ಬಿಡಿಬಿಡಿಯಾಗಿಯೂ ಶಿಫ್ಟ್ ಹಿಡಿದು ಸಾಲಾಗಿಯೂ ಹೆಸರುಗಳನ್ನು ಆರಿಸಬಹುದು. ‘ಮಲ್ಟಿಸಿಂಪಲ್’ ಎಂದಿಟ್ಟರೆ ಯಾವ ಕೀಲಿಯೂ ಬೇಡ, ಒಮ್ಮೆ ಒತ್ತಿದರೆ ಆಯ್ಕೆ, ಮತ್ತೊಮ್ಮೆ ಒತ್ತಿದರೆ ರದ್ದು. ಹರಾಜಿನ ಗದ್ದಲದಲ್ಲಿ ಒಂದು ಕೈಯಲ್ಲಿ ಫೋನ್ ಹಿಡಿದೇ ಕೆಲಸ ಮಾಡುವ ಗುಮಾಸ್ತರಿಗೆ ಎರಡನೆಯದೇ ಅನುಕೂಲವೆಂದು ನನಗನಿಸುತ್ತದೆ.

ಇಷ್ಟಕ್ಕೇ ಕೆಲಸ ಮುಗಿಯದು. ಎಷ್ಟೇ ಹೆಸರು ಆರಿಸಿದ್ದರೂ ‘ಸೆಲೆಕ್ಟೆಡ್‌ಐಟಂ’ ಒಂದನ್ನೇ ಕೊಡುವುದರಿಂದ, ಮುದ್ರಿಸುವ ಭಾಗದಲ್ಲಿ ‘ಸೆಲೆಕ್ಟೆಡ್‌ಐಟಮ್ಸ್’ ಬಳಸಿ, ‘ಫಾರ್ ಈಚ್’ ಲೂಪಿನಲ್ಲಿ ಒಬ್ಬೊಬ್ಬರ ಬಿಲ್ಲನ್ನು ಮುದ್ರಿಸಬೇಕು. ಬಿಲ್ಲಾದ ಹೆಸರುಗಳನ್ನು ಪಟ್ಟಿಯಿಂದ ತೆಗೆಯುವುದಿದ್ದರೆ ಅದೇ ಲೂಪಿನೊಳಗೆ ತೆಗೆಯಬೇಡಿ. ನಡುವೆ ಪಟ್ಟಿ ಬದಲಾದರೆ ಪ್ರೋಗ್ರಾಂ ದೋಷ ತೋರಿಸಿ ನಿಲ್ಲುತ್ತದೆ. ‘ಸೆಲೆಕ್ಟೆಡ್‌ಇಂಡಿಸಸ್’ನಲ್ಲಿ ಆರಿಸಿದ ಹೆಸರುಗಳ ಕ್ರಮಸಂಖ್ಯೆಗಳಿರುತ್ತವೆ; ಅದರ ಕೊನೆಯ ಸಂಖ್ಯೆಯಿಂದ ಹಿಂದಕ್ಕೆ ಬರುತ್ತ, ಆ ಸಂಖ್ಯೆಯ ಹೆಸರನ್ನು ತೆಗೆಯುವ ‘ರಿಮೂವ್‌ಅಟ್’ ಬಳಸಿ. ಸಂಖ್ಯೆಗಳನ್ನು ಬರೆದಿಟ್ಟುಕೊಂಡು ಮೇಲಿನಿಂದ ಅಳಿಸುತ್ತ ಹೋದರೆ, 2ನೆಯದು ಹೋದಾಗ 5ನೆಯದು 4ಕ್ಕೆ ಸರಿದು, ಬಿಲ್ಲೇ ಆಗದ ಬೇರೊಬ್ಬ ರೈತರ ಹೆಸರು ಅಳಿಸಿಹೋದೀತು.

ಟಿಕ್ ಹಾಕುವ ‘ಚೆಕ್ಡ್‌ಲಿಸ್ಟ್‌ಬಾಕ್ಸ್’ ಈ ಎರಡೂ ಮೋಡ್‌ಗಳನ್ನು ಒಪ್ಪುವುದಿಲ್ಲ; ಅಲ್ಲಿ ‘ಚೆಕ್ಡ್‌ಐಟಮ್ಸ್’ ಬಳಸಬೇಕು.