ಮಣಿಕಟ್ಟು ಎತ್ತಿದರೆ ಹಾರುವ ಹಕ್ಕಿ

ಪ್ರಶ್ನೆ: ನನ್ನ ತಮ್ಮನಿಗೆ 26 ವರ್ಷ. ಏಳು ತಿಂಗಳ ಹಿಂದೆ ಹುಣಸೆ ಮರದಿಂದ ಬಿದ್ದು, ಕುತ್ತಿಗೆಯ ಹತ್ತಿರ ಬೆನ್ನುಹುರಿಗೆ ಪೆಟ್ಟಾಯಿತು. ಚೀಟಿಯಲ್ಲಿ ‘ಸಿ6, ಅಪೂರ್ಣ’ (ಕುತ್ತಿಗೆಯ ಆರನೇ ಮಟ್ಟದಲ್ಲಿ ಪೆಟ್ಟು, ಸಂಪರ್ಕ ಪೂರ್ತಿ ಕಡಿದಿಲ್ಲ) ಎಂದಿದೆ. ಬೆಂಗಳೂರಿನಲ್ಲಿ ತೋರಿಸಿದಾಗ ಮುಂಗೈಗೆ ಎಲೆಕ್ಟ್ರೋಡ್ ಅಂಟಿಸಿ ಕಂಪ್ಯೂಟರ್ ಆಟ ಆಡಿಸಿದರು. ಅವನು ಮಣಿಕಟ್ಟು ಎತ್ತಲು ಹೆಣಗಿದಾಗಲೆಲ್ಲ ಪರದೆಯ ಹಕ್ಕಿ ಮೇಲೆ ಹಾರುತ್ತಿತ್ತು. ‘ಕೈ ಸರಿ ಮಾಡಿ ಎಂದರೆ ಆಟ ಆಡಿಸಿ ದುಡ್ಡು ತೆಗೆದುಕೊಂಡರು’ ಎಂದು ಅವ್ವ ಸಿಟ್ಟಾಗಿದ್ದಾಳೆ. ಇದು ಚಿಕಿತ್ಸೆಯೇ? ಮನೆಯಲ್ಲಿ ನಾವೇನು ಮಾಡಬಹುದು?
– ಒಬ್ಬ ಅಕ್ಕ, ಗಂಗಾವತಿ

ಉತ್ತರ: ಅವ್ವನ ಸಿಟ್ಟು ಅರ್ಥವಾಗುತ್ತದೆ, ತಂಗಿ. ಇಂಥ ಯಂತ್ರವನ್ನು ಮೊದಲ ಸಲ ಕಂಡಾಗ ನಾನೂ ಮೂಗು ಮುರಿದವನೇ. ಆಟ ಬೆನ್ನುಹುರಿಯನ್ನು ಬೆಸೆಯುವುದಿಲ್ಲ. ಬೆಸೆಯುತ್ತದೆ ಎಂದು ಯಾರಾದರೂ ಹೇಳಿದರೆ ಎದ್ದು ಬನ್ನಿ. ಅದು ಮಾಡುವ ಕೆಲಸವೇ ಬೇರೆ: ಕಣ್ಣಿಗೆ ಕಾಣದ ಯತ್ನವನ್ನು ತೋರಿಸಿ, ಬೇಸರವಿಲ್ಲದೆ ಅಭ್ಯಾಸ ಮಾಡಿಸುವುದು.

ಮಿದುಳಿನ ಅಪ್ಪಣೆ ತಲುಪಿದಾಗ ಸ್ನಾಯುವಿನಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ. ಬಲ ಕುಂದಿದ ಸ್ನಾಯುವಿನಲ್ಲಂತೂ ಅದು ವೋಲ್ಟಿನ ಸಾವಿರದ ಒಂದು ಪಾಲಿಗಿಂತಲೂ ಕಡಿಮೆ. ಎಲೆಕ್ಟ್ರೋಡ್ ಅದನ್ನು ಚರ್ಮದ ಮೇಲಿನಿಂದಲೇ ಹಿಡಿಯುತ್ತದೆ. ಹಾಗಾಗಿ ಕೈ ಅಲುಗದಿದ್ದರೂ ಪರದೆಯಲ್ಲಿ ಆ ವಿದ್ಯುತ್ತಿನ ಗೆರೆ ಏಳಬಹುದು, ಹಕ್ಕಿ ಹಾರಬಹುದು. ಸಿರುಗುಪ್ಪ ಕಡೆಯ ರೈತರೊಬ್ಬರು ಆ ಗೆರೆ ನೋಡಿ ‘ಇದನ್ನು ನಾನೇ ಎತ್ತಿದೆನೇ?’ ಎಂದು ನನ್ನನ್ನು ಮೂರು ಸಲ ಕೇಳಿದ್ದರು. ಹತ್ತು ಸಲ ಯತ್ನಿಸುವಷ್ಟರಲ್ಲೇ ಬೇಸತ್ತು ಮುಖ ತಿರುಗಿಸುತ್ತಿದ್ದವರು ಆ ದಿನ ನೂರು ದಾಟಿದರು. ಎಣಿಸುತ್ತಿದ್ದ ನನಗೇ ಲೆಕ್ಕ ತಪ್ಪಿತು.

ಅಪ್ಪಣೆ ಸ್ವಲ್ಪವೂ ದಾಟದ ಸ್ನಾಯುವಿನಲ್ಲಿ ಈ ಆಟ ನಡೆಯದು. ನಿಮ್ಮ ತಮ್ಮನ ಹಕ್ಕಿ ಹಾರಿದೆ. ಆದರೆ ಸೆಡೆತ ಬಂದರೂ ಅದು ಹಾರುತ್ತದೆ, ಪಕ್ಕದ ಸ್ನಾಯು ಬಿಗಿದರೂ ಹಾರುತ್ತದೆ. ಆಡಿಸುವವರ ಕಣ್ಣು ಪರದೆಗಿಂತ ಹೆಚ್ಚಾಗಿ ಅವನ ತೋಳಿನ ಮೇಲಿರಬೇಕು.

ಮಣಿಕಟ್ಟನ್ನೇ ಏಕೆ ಆರಿಸಿದರು? ನಿಮ್ಮ ಕೈಯನ್ನೇ ಸಡಿಲ ಬಿಟ್ಟು ಮಣಿಕಟ್ಟು ಮಾತ್ರ ಹಿಂದಕ್ಕೆ ಎತ್ತಿ ನೋಡಿ. ಬೆರಳುಗಳು ತಾವಾಗಿಯೇ ಒಳಕ್ಕೆ ಮಡಚಿಕೊಳ್ಳುತ್ತವೆ. ಬೆರಳಿಗೆ ಬಲವಿಲ್ಲದವನು ಲೋಟ ಹಿಡಿಯುವುದು ಈ ಉಪಾಯದಿಂದಲೇ. ಆದ್ದರಿಂದ ಅವ್ವ ಪ್ರೀತಿಯಿಂದ ಎಣ್ಣೆ ತಿಕ್ಕಿ, ಮಣಿಕಟ್ಟು ಬೆರಳು ಎರಡನ್ನೂ ಒಟ್ಟಿಗೆ ಹಿಂದಕ್ಕೆ ಎಳೆಯುತ್ತಿದ್ದರೆ ಇವತ್ತೇ ನಿಲ್ಲಿಸಲಿ. ಹಾಗೆ ಎಳೆದರೆ ಬೆರಳಿನ ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಕಟ್ಟುವ ನಾರು) ಜೋಲುಬಿದ್ದು ಇದ್ದ ಹಿಡಿತವೂ ಹೋಗುತ್ತದೆ. ಬೆರಳು ನೀಡುವಾಗ ಮಣಿಕಟ್ಟು ಕೆಳಗೆ ಬಾಗಿರಬೇಕು.

ಕೊಪ್ಪಳ ಅಥವಾ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯ ಫಿಸಿಯೋಥೆರಪಿ ವಿಭಾಗದಲ್ಲಿ ಸ್ನಾಯುಬಲ ಅಳೆಸಿ. ಸೊನ್ನೆಯಿಂದ ಐದರವರೆಗೆ ಅಂಕ ಕೊಡುತ್ತಾರೆ. ಒಂದು ಎಂದರೆ ಬರೀ ಮಿಸುಕು. ಮೂರು ಎಂದರೆ ಕೈ ತನ್ನ ಭಾರವನ್ನು ತಾನೇ ಎತ್ತುತ್ತದೆ. ಮೂರು ಬಂದಿದ್ದರೆ ಯಂತ್ರದ ಹಂಗು ಅಷ್ಟಾಗಿ ಬೇಕಿಲ್ಲ. ಕಸಬರಿಗೆಯ ಉದ್ದನೆಯ ಕಡ್ಡಿಯೊಂದನ್ನು ಅಂಗೈ ಹಿಂಭಾಗಕ್ಕೆ ಸಡಿಲವಾಗಿ ಟೇಪ್ ಹಚ್ಚಿ, ಗೋಡೆಯ ಮೇಲೆ ಇದ್ದಿಲಿನಿಂದ ಗೆರೆ ಎಳೆಯಿರಿ. ಮಣಿಕಟ್ಟು ಒಂದು ಬೆರಳಿನಷ್ಟು ಎದ್ದರೆ ಕಡ್ಡಿಯ ತುದಿ ಗೇಣುದ್ದ ಏಳುತ್ತದೆ. ತುದಿ ಎಷ್ಟು ಸಲ ಗೆರೆ ಮುಟ್ಟಿತು ಎಂದು ಎಣಿಸಲು ಅವ್ವನನ್ನೇ ಕೂರಿಸಿ. ಸ್ಪರ್ಶ ಕಡಿಮೆ ಇರುವ ಕೈ, ಟೇಪ್ ತೆಗೆದ ಮೇಲೆ ಚರ್ಮ ಕೆಂಪಾಗಿದೆಯೇ ನೋಡಿ.

ಆಟದಲ್ಲಿ ಮುಳುಗಿದವನಿಗೆ ಕುಂಡೆಯ ನೆನಪಿರುವುದಿಲ್ಲ. ಅರ್ಧ ಗಂಟೆಗೊಮ್ಮೆಯಾದರೂ ಮುಂದಕ್ಕೆ ಬಾಗಿಸಿ ಭಾರ ಇಳಿಸಿ, ಇಲ್ಲದಿದ್ದರೆ ಹುಣ್ಣಾಗುತ್ತದೆ. ಕುತ್ತಿಗೆಯಲ್ಲಿ ಪೆಟ್ಟಾದವರಿಗೆ ಬೆವರಿ ಮೈ ತಣಿಸಿಕೊಳ್ಳುವ ಶಕ್ತಿ ಕುಂದಿರುತ್ತದೆ. ನಮ್ಮ ಕಡೆಯ ಏಪ್ರಿಲ್ ಮಧ್ಯಾಹ್ನ ಆಟ ಬೇಡ. ಇದ್ದಕ್ಕಿದ್ದಂತೆ ತಲೆ ಸಿಡಿದು ಮುಖ ಕೆಂಪಾದರೆ ಅದು ರಕ್ತದೊತ್ತಡ ಏರಿದ ಸೂಚನೆ: ನೆಟ್ಟಗೆ ಕೂರಿಸಿ, ಬಿಗಿ ಬಟ್ಟೆ ಸಡಿಲಿಸಿ, ಮೂತ್ರದ ಕೊಳವೆ ಮಡಚಿಕೊಂಡಿದೆಯೇ ನೋಡಿ. ಇಳಿಯದಿದ್ದರೆ ಕಾಯದೆ ಆಸ್ಪತ್ರೆಗೆ ಒಯ್ಯಿರಿ, ಚೀಟಿಯನ್ನು ಮರೆಯದೆ ಜೊತೆಗೆ ಇಟ್ಟುಕೊಳ್ಳಿ.