ಡೆನೇರಿಸ್ ಕಥೆ ತಿದ್ದುವ ಮೊದಲು

ಡ್ರ್ಯಾಗನ್‌ಗಳ ಒಡತಿ ರಾಣಿ ಡೆನೇರಿಸ್ ಊರು ಸುಡುವ ಕಂತನ್ನೇ ತೆಗೆದುಹಾಕಿ 'ಗೇಮ್ ಆಫ್ ಥ್ರೋನ್ಸ್' ಟಿವಿ ಧಾರಾವಾಹಿಯ ಕೊನೆಯ ಸೀಸನ್ ಮತ್ತೆ ಬರೆಯಲಾ ಅಂತ ಕೇಳಿದ್ದೀರಿ. ಖಂಡಿತ ಬರೆಯಿರಿ. ಆದರೆ ಆ ಕಂತು ಇರಲಿ.

ಅವಳು ಕ್ರೂರಿಯಾಗಿದ್ದು ಕಥೆಯಲ್ಲಿ ತಪ್ಪಲ್ಲ, ಅವಸರದಲ್ಲಿ ಆಗಿದ್ದು ತಪ್ಪು. ಬೀಜ ಮೊದಲೇ ಇತ್ತು. ನಾಲ್ಕನೇ ಸೀಸನ್‌ನಲ್ಲಿ 163 ಗುಲಾಮ ಮಕ್ಕಳನ್ನು ಕೊಂದಿದ್ದಕ್ಕೆ ಮೀರೀನ್ ನಗರದ 163 ಒಡೆಯರನ್ನು ಕಂಬಕ್ಕೆ ಹೊಡೆಸಿದಳು. ಆಗ ನಾವು ಚಪ್ಪಾಳೆ ತಟ್ಟಿದ್ದೆವು, ಅಲ್ವಾ? ಏಳನೆಯದರಲ್ಲಿ ಮಂಡಿಯೂರದ ಅಪ್ಪ ಮಗನನ್ನು ಡ್ರ್ಯಾಗನ್ ಬೆಂಕಿಗೆ ಕೊಟ್ಟಳು.

ಮೊದಲ ಆರು ಸೀಸನ್‌ಗಳಿಗೆ ಹತ್ತತ್ತು ಕಂತು. ಏಳಕ್ಕೆ 7, ಎಂಟಕ್ಕೆ ಬರೀ 6. ಎಂಟರಲ್ಲಿ ಅವಳ ನಂಬಿಕಸ್ಥ ಯೋಧ ಜೋರಾ ಸತ್ತ, ಅವಳ ಒಂದು ಡ್ರ್ಯಾಗನ್ ಸತ್ತಿತು, ಆಪ್ತ ಗೆಳತಿ ಮಿಸ್ಸಾಂಡೆಯ ತಲೆ ಕಡಿದರು. ಎಲ್ಲ ಎರಡೇ ಕಂತಿನಲ್ಲಿ! ಅವಳಿಗೆ ಅಳಲಿಕ್ಕೂ ಪುರುಸೊತ್ತು ಕೊಡಲಿಲ್ಲ. ಆಮೇಲೆ ಶರಣಾದ ಊರಿನ ಗಂಟೆ ಹೊಡೆಯುತ್ತದೆ, ಅವಳ ಮುಖ ಸ್ವಲ್ಪ ಹೊತ್ತು ಕಾಣುತ್ತದೆ, ಬೆಂಕಿ ಸುರಿಯುತ್ತದೆ. ನಟಿ ಮುಖದಲ್ಲೇ ಎಲ್ಲ ಹೇಳಬೇಕಾಯಿತು. 2019ರಲ್ಲಿ ಸೀಸನ್ ಪೂರ್ತಿ ಮತ್ತೆ ಮಾಡಿ ಅಂತ ಹತ್ತು ಲಕ್ಷಕ್ಕೂ ಜಾಸ್ತಿ ಜನ ಆನ್‌ಲೈನ್ ಅರ್ಜಿಗೆ ಸಹಿ ಹಾಕಿದರು. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಎಂಟು ವರ್ಷ ಜೊತೆಗಿದ್ದವರು.

ನೀವು ಇಡೀ ಸೀಸನ್‌ಗೆ ಈಗಲೇ ಕೈ ಹಾಕಬೇಡಿ. ಐದನೇ ಕಂತಿನ ಶುರುವಿನಲ್ಲಿ ಅವಳ ತಲೆ ಕೆದರಿರುತ್ತದೆ, ಗಮನಿಸಿದ್ದೀರಾ? ಜಡೆ ಹೆಣೆದುಕೊಡಲು ಮಿಸ್ಸಾಂಡೆ ಇಲ್ಲ. ಅಲ್ಲಿಂದ ಹಿಡಿಯಿರಿ. ಬಾಚಣಿಗೆ ಕೈಯಲ್ಲಿಟ್ಟುಕೊಂಡು ಒಬ್ಬಳೇ ಕೂತ ಒಂದು ರಾತ್ರಿ, ಎರಡು ಪುಟ ಸಾಕು. ಬರೆದಾದ ಮೇಲೆ ನನಗೂ ಓದಲು ಕೊಡಿ.